ತಿಪ್ಪೆಯಲ್ಲಿ ಹುಗಿದ ಡ್ರಮ್ಮು

ಬಮ್ಮಿಗಟ್ಟಿಯ ಗುಡದಪ್ಪನಿಗೆ ಒಂದು ಕೆಟ್ಟ ಚಟವಿತ್ತು. ಬೀಡಿಯಲ್ಲ, ಇಸ್ಪೀಟಲ್ಲ, ಹೊತ್ತು ಇಳಿದ ಕೂಡಲೇ ಕಾಲು ಬೇರೆ ದಾರಿ ಹಿಡಿಯುವ ಚಟವಂತೂ ಅಲ್ಲವೇ ಅಲ್ಲ. ಯಾರಾದರೂ ಅವನ ಕೆಲಸವನ್ನು ಹೊಗಳಿದರೆ ಸಾಕು, ಆ ಹೊಗಳಿಕೆಯನ್ನು ನಿಂತ ನಿಲುವಿನಲ್ಲೇ ಹೊಡೆದು ಕೆಡವುವವರೆಗೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. "ಹೊಲ ಹರಗೂ ಕುಂಟಿ ಭಾರೀ ಮಾಡಿಕೊಟ್ಟೀಯೋ ಮಾರಾಯಾ" ಎಂದರೆ, "ಏ, ಅದ್ರಾಗೇನೈತ್ರಿ, ಯಾರಾದ್ರೂ ಮಾಡ್ತಾರ" ಎನ್ನುವನು. ಅವನನ್ನೊಬ್ಬನನ್ನೇ ಯಾಕೆ ಬೈಯಬೇಕು? ನಮ್ಮ ಸೀಮೆಯೇ ಹಾಗೆ. ಉಂಡು ಎದ್ದವರು ರೊಟ್ಟಿ ಚೆನ್ನಾಗಿತ್ತು ಎಂದರೆ ಮನೆಯವಳು "ಇವತ್ತ ಹಿಟ್ಟಿಗೆ ಜಿಗಿನ ಇದ್ದಿಲ್ರಿ" ಎಂದು ತಪ್ಪೊಪ್ಪಿಕೊಳ್ಳುತ್ತಾಳೆ. ಹೌದು, ಚೆನ್ನಾಗಿ ಮಾಡಿದ್ದೇನೆ ಎಂದುಬಿಟ್ಟರೆ ಮುಗಿಯಿತು, ಸೊಕ್ಕು ಬಂತು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಈ ಮರ್ಯಾದೆಯ ಮಾತು ಒಂದು ದಿನ ಇಂಗ್ಲಿಷಿನಲ್ಲಿ ಟೈಪಾಗಿ, ಮದ್ರಾಸಿನ ಮೊಹರು ಹೊತ್ತು ತನ್ನ ಬಾಗಿಲಿಗೇ ಬರುತ್ತದೆಂದು ಗುಡದಪ್ಪ ಕನಸಿನಲ್ಲೂ ಎಣಿಸಿರಲಿಲ್ಲ.

ಗುಡದಪ್ಪನ ಹಿರಿಯರು ಕುರಿ ಕಾಯ್ದವರು. ಇವನು ಮಾತ್ರ ಹದಿನಾಲ್ಕನೆಯ ವರ್ಷಕ್ಕೆ ಹುಬ್ಬಳ್ಳಿಗೆ ಹೋಗಿ ಒಂದು ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ವೆಲ್ಡಿಂಗ್ ಮಾಡಿ, ಹುಬ್ಬಿನ ಮೇಲೆ ಎರಡು ಸುಟ್ಟ ಕಲೆ ಹೊತ್ತುಕೊಂಡು ಊರಿಗೆ ಮರಳಿದ. ಕಲಘಟಗಿ ರಸ್ತೆಯ ಬಾಜೂಕೆ ತಗಡಿನ ಶೆಡ್ಡು ಹಾಕಿದ. ಹೆಂಡತಿ ಹನಮವ್ವ ದೇವಿಕೊಪ್ಪದವಳು, ಮಾತು ಕಡಿಮೆ, ಆಡಿದರೆ ಎದುರಿನವರು ಕೂತು ಯೋಚಿಸಬೇಕು. ಒಬ್ಬಳೇ ಮಗಳು, ಅವಳನ್ನು ದುಮ್ಮವಾಡಕ್ಕೆ ಕೊಟ್ಟಿದ್ದರು.

ಡ್ರಮ್ಮಿನ ಕಥೆ ಶುರುವಾದದ್ದು ಹನಮವ್ವನ ಅಂಗೈಯಿಂದ. ೧೯೭೯ರ ಸುಮಾರಿಗೆ ಕೃಷಿ ಇಲಾಖೆಯವರು ಊರೂರಿಗೆ ಬಂದು, ಶೇಂಗಾ ಬೀಜಕ್ಕೆ ಔಷಧದ ಪುಡಿ ಹಚ್ಚಿ ಬಿತ್ತಿರಿ, ಮಣ್ಣಿನಲ್ಲಿ ಕೊಳೆಯುವುದಿಲ್ಲ ಎಂದು ಹೇಳಿ ಹೋದರು. ಹೇಳುವವರು ಗಂಡಸರು, ಹಚ್ಚುವವರು ಹೆಂಗಸರು. ಗೋಣಿತಟ್ಟಿನ ಮೇಲೆ ಬೀಜ ಸುರಿದು, ಪುಡಿ ಚೆಲ್ಲಿ, ಬರಿಗೈಯಲ್ಲಿ ಕಲಸಿ ಕಲಸಿ ಹನಮವ್ವನ ಅಂಗೈ ಸುಲಿದವು, ಕಣ್ಣು ಕೆಂಪಗಾದವು. ಅವಳು ಎರಡೂ ಕೈ ಮುಂದೆ ಹಿಡಿದು, "ಊರ ಮಂದಿಗೆಲ್ಲಾ ಏನೇನೋ ಮಾಡಿಕೊಡ್ತೀರಿ, ಕೈ ಹಚ್ಚಲಾರದ ಬೀಜ ಕಲಸೂದೊಂದ ಮಾಡ್ರಿ ನೋಡೂಣು" ಎಂದಳು. ಎರಡು ದಿನದ ಕೆಲಸ ಎಂದುಕೊಂಡ ಗುಡದಪ್ಪ. ಹಿಡಿದದ್ದು ನಾಲ್ಕು ವರ್ಷ.

ಮೊದಲನೆಯ ಡ್ರಮ್ಮಿನಲ್ಲಿ ಒಳಗೆ ಕಬ್ಬಿಣದ ರೆಕ್ಕೆ ತಿರುಗುತ್ತಿದ್ದವು, ಸಿಮೆಂಟು ಕಲಸುವುದರ ಹಾಗೆ. ಶೇಂಗಾ ಸಿಮೆಂಟೇನು? ಬೀಜದ ಕೆಂಪು ಸಿಪ್ಪೆಯೆಲ್ಲ ಸುಲಿದು ಬಂತು. ಸಿಪ್ಪೆ ಹೋದ ಬೀಜ ಹುಟ್ಟುವುದಿಲ್ಲ ಎಂಬುದು ನಮ್ಮಲ್ಲಿ ಕೂಸಿಗೂ ಗೊತ್ತು. ಗುಡದಪ್ಪ ಅದನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಪಕ್ಕದ ಮನೆಯ ಖೈರುನಬಿಗೆ "ಚಾಚಿ, ನಿನಗಂತ ಕೋಳಿಗೂಡ ಮಾಡೇನಿ" ಎಂದು ಕೊಟ್ಟುಬಿಟ್ಟ. ಎರಡನೆಯದರಲ್ಲಿ ರೆಕ್ಕೆ ಇರಲಿಲ್ಲ, ಬೀಜವೆಲ್ಲ ಒಂದೇ ಮುದ್ದೆಯಾಗಿ ಜಾರುತ್ತಿತ್ತು, ಪುಡಿ ಒಂದು ಮೂಲೆಯಲ್ಲಿ ತನ್ನ ಪಾಡಿಗೆ ತಾನು ಕೂತಿರುತ್ತಿತ್ತು. ಅದನ್ನು ಸೀಳಿ, ಬಡಿದು ಚಪ್ಪಟೆ ಮಾಡಿ ಅದೇ ಓಣಿಯ ಭರಮಪ್ಪನ ಬಚ್ಚಲಿಗೆ ಬಾಗಿಲು ಮಾಡಿದ. ಮೂರನೆಯದಕ್ಕೆ ಒಳಗೆ ಗೋಣಿ ಹೊದಿಸಿದರೆ ಗೋಣಿಯೇ ಅಷ್ಟೂ ಪುಡಿ ತಿಂದುಹಾಕಿತು. ಅದು ಹಿತ್ತಲಲ್ಲಿ ಸಗಣಿಯ ಕುಳ್ಳು ತುಂಬುವ ಪೀಪಾಯಿಯಾಯಿತು. ಗೆದ್ದ ಕೆಲಸವನ್ನೇ ಹೇಳಿಕೊಳ್ಳದ ಮನುಷ್ಯ ಸೋತದ್ದನ್ನು ಹೇಳಿಯಾನೇ? ಊರಿನ ಪಾಲಿಗೆ ಅವೆಲ್ಲ ಗುಡದಪ್ಪ ಪ್ರೀತಿಯಿಂದ ಮಾಡಿಕೊಟ್ಟ ಸಾಮಾನುಗಳು.

ಇನ್ನು ನಾಲ್ಕನೆಯದು. ಅದನ್ನು ಯಾರಿಗೂ ಕೊಡಲಿಲ್ಲ, ಅದರ ಗತಿ ಏನಾಯಿತೆಂದು ಯಾರಿಗೂ ಹೇಳಲಿಲ್ಲ.

ನಾಲ್ಕನೆಯದರಲ್ಲಿ ಒಳಗೋಡೆಗೆ ಮೂರು ಪಟ್ಟಿ ಬೆಸೆದಿದ್ದ. ಡ್ರಮ್ಮು ತಿರುಗಿದರೆ ಪಟ್ಟಿ ಬೀಜವನ್ನು ಮೇಲಕ್ಕೆ ಒಯ್ದು ಕೆಳಗೆ ಚೆಲ್ಲುತ್ತಿತ್ತು. ಅಗದಿ ಬರೋಬ್ಬರಿ ಕಲಸಿತು! ಒಂದೊಂದು ಕಾಳಿಗೂ ಪುಡಿ ಹತ್ತಿ ಬೆಳ್ಳಗೆ ಮಿಂಚಿತು. ೧೯೮೨ರ ಮಿರಗದ, ಅಂದರೆ ಮೃಗಶಿರಾ ಮಳೆಗೆ ಮುಂಚೆ ಊರಿನ ಮಡಿವಾಳೆಪ್ಪ ಗೌಡರ ಐದು ಎಕರೆಯ ಬೀಜವನ್ನು ಮೊಟ್ಟಮೊದಲು ಅದರಲ್ಲಿ ಹಾಕಿ ಕೊಟ್ಟ. ಗೌಡರು ಬಿತ್ತಿದರು. ಮಳೆ ಸರಿಯಾಗಿ ಬಂತು, ಸುತ್ತಲ ಹೊಲಗಳೆಲ್ಲ ಎದ್ದವು, ಗೌಡರ ಹೊಲ ಮಾತ್ರ ಬೋಳಾಗಿ ಬಿದ್ದಿತ್ತು.

ನಮ್ಮ ಮನೆಗಳಲ್ಲಿ ಬೀಜದ ಕೋಣೆ ಎಂದರೆ ಹಿರಿಯ ಸೊಸೆಯ ರಾಜ್ಯ. ಕೀಲಿಕೈ ಅವಳ ಸೊಂಟದಲ್ಲಿರಬೇಕು, ಬಿಸಿಲಿಗೆ ಹಾಕುವವಳು ಅವಳು, ಒಡೆದು ಆರಿಸಿ ಕೊಡುವವಳು ಅವಳು. ಗೌಡರ ಮನೆಯಲ್ಲಿ ಇಪ್ಪತ್ತೆರಡು ವರ್ಷ ಆ ಕೀಲಿ ಇದ್ದದ್ದು ಅವರ ಹೆಂಡತಿ ಮಹಾದೇವಕ್ಕನ ಹತ್ತಿರ. ಹೊಲ ಹುಟ್ಟದೆ ಹೋದಾಗ ಗೌಡರು ಡ್ರಮ್ಮಿನ ಮೇಲೆ ಸಂಶಯ ಪಡಲಿಲ್ಲ, ಹೆಂಡತಿಯ ಮೇಲೆ ಪಟ್ಟರು. "ಬೀಜಕ್ಕ ಥಂಡಿ ಹತ್ತಿಸೀದಿ, ಧ್ಯಾಸ ಎಲ್ಲಿ ಇಟ್ಟಿದ್ದಿ?" ಎಂದು ಆಳುಗಳ ಎದುರಿಗೇ ಕೂಗಾಡಿ, ಕೀಲಿ ಕಸಿದು ತಮ್ಮನ ಹೆಂಡತಿ ಕಸ್ತೂರೆವ್ವನ ಕೈಗೆ ಕೊಟ್ಟರು. ಆವತ್ತಿನಿಂದ ಮಹಾದೇವಕ್ಕ ಬೀಜದ ಕೋಣೆಯ ಹೊಸ್ತಿಲು ದಾಟಲಿಲ್ಲ. ಭಾವಿಯ ಹತ್ತಿರ ಹೆಂಗಸರು ಅವಳಿಗೆ ಕೇಳುವ ಹಾಗೆಯೇ ಪಿಸುಗುಡುತ್ತಿದ್ದರು.

ಆ ವಾರವೇ ಗುಡದಪ್ಪ ಡ್ರಮ್ಮಿನ ತಳದಲ್ಲಿ ಉಳಿದಿದ್ದ ಒಂದು ಹಿಡಿ ಬೀಜವನ್ನು ಸುಮ್ಮನೆ ನೀರಿನಲ್ಲಿ ತೊಳೆದು ನೋಡಿದ. ಪುಡಿ ತೊಳೆದುಹೋದ ಮೇಲೆ ಕಂಡಿತು: ಕಾಳುಕಾಳಿನ ಸಿಪ್ಪೆಯೂ ಸಣ್ಣಗೆ ಸೀಳಿತ್ತು. ಬರೀ ಕಬ್ಬಿಣದ ಮೇಲೆ ಬಿದ್ದು ಬಿದ್ದು ಒಡೆದದ್ದು. ಬಿಳಿ ಪುಡಿ ಆ ಬಿರುಕನ್ನೆಲ್ಲ ಮುಚ್ಚಿಬಿಟ್ಟಿತ್ತು. ಗೌಡರ ಮನೆಯತ್ತ ನಾಲ್ಕು ಹೆಜ್ಜೆ ಇಟ್ಟ, ನಿಂತ, ತಿರುಗಿ ಬಂದ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಬಂತು, ನಾಡಿದ್ದು ಬಂತು. ಹನಮವ್ವ ತವರಿಗೆ ಹೋದ ದಿನ ನೋಡಿ ಡ್ರಮ್ಮನ್ನು ಹಿತ್ತಲ ತಿಪ್ಪೆಗುಂಡಿಯಲ್ಲಿ ಹುಗಿದು ಮೇಲೆ ಸಗಣಿ ಎಳೆದ. ಹೇಡಿ ಕೆಲಸ, ಬೇರೆ ಹೆಸರಿಲ್ಲ ಅದಕ್ಕೆ.

ಅದಾದ ಏಳು ತಿಂಗಳಿಗೆ ಮಗಳು ಬಾಣಂತನಕ್ಕೆ ಬಂದಳು. ಒಂದು ಮಧ್ಯಾಹ್ನ ಗುಡದಪ್ಪ ಸೀರೆಯ ತೊಟ್ಟಿಲು ತೂಗುತ್ತಿದ್ದ. ಕೂಸು ಒಂದು ಬದಿಯಿಂದ ಇನ್ನೊಂದು ಬದಿಗೆ ಉರುಳುತ್ತಿತ್ತು, ಬೀಳುತ್ತಿರಲಿಲ್ಲ, ಬಡಿಸಿಕೊಳ್ಳುತ್ತಿರಲಿಲ್ಲ. ಬಟ್ಟೆಯೇ ಕೂಸನ್ನು ಹೊರಳಿಸುತ್ತಿತ್ತು. ಗುಡದಪ್ಪ ತೊಟ್ಟಿಲು ಬಿಟ್ಟು ಶೆಡ್ಡಿಗೆ ಓಡಿದ, ಕೂಸು ಹಿಂದಿನಿಂದ ಕಿರುಚತೊಡಗಿತು. ಲಾರಿಯ ಹಳೇ ಟ್ಯೂಬು ಸೀಳಿ, ಇನ್ನೊಂದು ಖಾಲಿ ಡ್ರಮ್ಮಿನೊಳಗೆ ಈ ತುದಿಯಿಂದ ಆ ತುದಿಗೆ ಸಡಿಲವಾಗಿ ತೂಗುಹಾಕಿದ. ಡ್ರಮ್ಮು ತಿರುಗಿದಾಗ ಬೀಜ ರಬ್ಬರಿನ ಮಡಿಲಿಗೆ ಬೀಳುತ್ತದೆ, ರಬ್ಬರು ಮಗುಚಿ ಅದನ್ನು ಇನ್ನೊಂದು ಬದಿಗೆ ಉರುಳಿಸುತ್ತದೆ. ಇಪ್ಪತ್ತು ಸುತ್ತು ಸುತ್ತಿ ತೊಳೆದು ನೋಡಿದರೆ ಒಂದು ಸಿಪ್ಪೆಯೂ ಸೀಳಿರಲಿಲ್ಲ. ಗುಡದಪ್ಪ ಶೆಡ್ಡಿನ ನೆಲದ ಮೇಲೆ ಕೂತು ಅತ್ತುಬಿಟ್ಟ. ಸಂತೋಷಕ್ಕೋ, ಗೌಡರ ಬೋಳು ಹೊಲದ ನೆನಪಿಗೋ, ಅವನಿಗೇ ಗೊತ್ತಾಗಲಿಲ್ಲ.

ಧಾರವಾಡದ ಕೃಷಿ ಕಾಲೇಜಿನ ಒಬ್ಬ ಸಾಹೇಬರು ಅದನ್ನು ನೋಡಿ, ಇದಕ್ಕೆ ಪೇಟೆಂಟು ತೆಗೆಯಬೇಕು, ಆಮೇಲೆ ಹದಿನಾಲ್ಕು ವರ್ಷ ನಿನ್ನನ್ನು ಕೇಳದೆ ಯಾರೂ ಇದನ್ನು ಮಾಡುವ ಹಾಗಿಲ್ಲ ಎಂದು ತಾವೇ ಚಿತ್ರ ಬರೆದು ಅರ್ಜಿ ತುಂಬಿ ಮದ್ರಾಸಿನ ಪೇಟೆಂಟು ಕಚೇರಿಗೆ ಕಳಿಸಿದರು. ಅದಾಗಿ ಕೆಲ ತಿಂಗಳಿಗೆ ಅವರಿಗೆ ರಾಯಚೂರಿಗೆ ವರ್ಗವಾಯಿತು. ಅವರು ಹೋದ ಮೇಲೆ ಒಬ್ಬ ಕನ್ನಡಕದ ಮನುಷ್ಯ ಜೀಪಿನಲ್ಲಿ ಬಂದ. ಯಂತ್ರ ಮಾಡುವ ದೊಡ್ಡ ಕಂಪನಿಯವನಂತೆ. ಭಾರೀ ವಿನಯ! ಚಹಾ ಕುಡಿದ, ಡ್ರಮ್ಮಿನೊಳಗೆ ತಲೆ ಹಾಕಿ ನೋಡಿದ, "ಏನ್ ತಲೀರೀ ನಿಮ್ಮದು, ಅದ್ಭುತ" ಎಂದ. ಗುಡದಪ್ಪನ ಚಟ ಬಿಟ್ಟೀತೆ? "ಅದ್ಭುತ ಎಲ್ಲೀದ್ರಿ ಸಾಹೇಬ್ರ. ಮನ್ಯಾಗ ತೊಟ್ಲಾ ಇದ್ದಾವ ಯಾರಾದ್ರೂ ಮಾಡ್ತಾನ" ಎಂದ. ಕನ್ನಡಕದವನು ನಕ್ಕು, ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಏನೋ ಗೀಚಿಕೊಂಡು ಹೋದ.

೧೯೮೫ರ ಶ್ರಾವಣದಲ್ಲಿ ಮದ್ರಾಸಿನ ಮೊಹರಿನ ಕಾಗದ ಬಂತಲ್ಲ, ಅದನ್ನು ಗುಡದಪ್ಪ ಕಲಘಟಗಿಯ ಶಂಕ್ರಪ್ಪ ವಕೀಲರ ಹತ್ತಿರ ಒಯ್ದ. ಹೊಲದ ಬದುವಿನ ಜಗಳ, ಪಾಲುಪಟ್ಟಿ ಬಿಟ್ಟರೆ ಬೇರೆ ವ್ಯಾಜ್ಯ ಕಾಣದ ವಕೀಲರು ಅವರು. ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಕಂಪನಿಯವ್ರು ತಕರಾರ ಹಾಕ್ಯಾರಪಾ. ನಿನ್ನ ಡ್ರಮ್ಮಿನ್ಯಾಗ ಹೊಸಾದ ಬುದ್ಧಿ ಏನೂ ಇಲ್ಲ, ಕಸಬ ಬಲ್ಲಾವ ಯಾವನಿಗಾದ್ರೂ ತಾನ ಹೊಳಿತೈತಿ, ಅದಕ್ಕ ಪೇಟೆಂಟ ಕೊಡಬ್ಯಾಡ್ರಿ ಅಂತಾರ. ಅದಕ್ಕ ಸಾಕ್ಷಿ ಯಾರ ಗೊತ್ತೈತೇನು?"

"ಯಾರ್ರೀ?"

"ನೀನ! ನಿನ್ನ ಬಾಯಿಲೆ ಬಂದ ಮಾತ ಬರದ ಪ್ರಮಾಣ ಮಾಡ್ಯಾರ. ಮನೆಯಲ್ಲಿ ತೊಟ್ಟಿಲಿರುವ ಯಾರಾದರೂ ಮಾಡುತ್ತಾರೆ, ಅಂತ."

ಕಂಪನಿ ಆಗಲೇ ಅಂಥದೇ ಡ್ರಮ್ಮು ತಯಾರು ಮಾಡತೊಡಗಿತ್ತು. ತಕರಾರು ಗೆದ್ದರೆ ತಾಲೂಕು ತಾಲೂಕಿಗೂ ಅವರ ಬಣ್ಣ ಬಳಿದ ಡ್ರಮ್ಮು ಬರುತ್ತದೆ. ಹುಟ್ಟಿದಾಗಿನಿಂದ ಬೇರೆಯವರ ಮುರಿದದ್ದನ್ನು ಬೆಸೆದ ಕೈ, ತನ್ನದು ಅಂತ ಮಾಡಿದ್ದು ಇದೊಂದೇ. ಅದೂ ತನ್ನದಲ್ಲ ಎಂದಾಗುತ್ತದೆ.

ವಕೀಲರು ಒಂದು ವಾರ ಕಾನೂನಿನ ಪುಸ್ತಕ ಓದಿ ಮತ್ತೆ ಕರೆದರು. "ಒಂದ ದಾರಿ ಐತಿ. ಅಷ್ಟ ಸಸಾರ ಇತ್ತಂದ್ರ ನಿನಗ ಯಾಕ ನಾಕ ವರ್ಷ ಹಿಡೀತು? ಎಷ್ಟ ಕೆಡಿಸೀದಿ, ಎಲ್ಲಾ ಹೇಳು."

ಗುಡದಪ್ಪ ನೆಲ ನೋಡುತ್ತ ಮೂರು ಡ್ರಮ್ಮಿನ ಕಥೆ ಹೇಳಿದ. ವಕೀಲರು ಬರೆದುಕೊಂಡು ಪೆನ್ನು ಕೆಳಗಿಟ್ಟರು. "ಇದ್ರಾಗ ಏನೋ ಒಂದ ತಪ್ಪೈತಿ. ಮೂರನೇದ್ರಾಗ ಪುಡಿ ಹತ್ತಲಿಲ್ಲ ಅಂದ್ರ ಯಾರಾದ್ರೂ ಒಳಗ ಪಟ್ಟಿ ಹಚ್ಚಿ ನೋಡ್ತಾರ. ನೀ ಪಟ್ಟಿ ಬಿಟ್ಟ ಸೀದಾ ರಬ್ಬರಿಗೆ ಯಾಕ ಹ್ವಾದಿ? ನಡುವ ಇನ್ನೊಂದೈತಿ, ಹೌದಲ್ಲೋ?"

ಗುಡದಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಇಲ್ರೀ" ಎಂದ.

"ಇದ್ರ ಅದ ನಮ್ಮ ಜೀವಾಳ. ನೆನಪ ಮಾಡ್ಕೊ" ಎಂದರು ವಕೀಲರು. "ಅವೆಲ್ಲಾದ್ರದೂ ಫೋಟೋ ಬೇಕು, ಇಟ್ಟಕೊಂಡವ್ರ ಸಹಿ ಬೇಕು."

ಕಲಘಟಗಿಯಿಂದ ಫೋಟೋ ತೆಗೆಯುವವನು ಬಂದ ದಿನ ಊರಿಗೆ ಹಬ್ಬ. ಭರಮಪ್ಪನ ಬಚ್ಚಲಿನ ಬಾಗಿಲಿನ ಫೋಟೋ ತೆಗೆಯುವಾಗ ಒಳಗೆ ಸ್ನಾನಕ್ಕೆ ಕೂತಿದ್ದ ಅವನ ತಾಯಿ ಕೆಂಚವ್ವ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಗುಡದಪ್ಪ ಖೈರುನಬಿಯ ಎದುರು ಹೋಗಿ ನಿಂತ. "ಚಾಚಿ, ಅದು ಕೋಳಿಗೂಡಲ್ಲ. ಕೆಟ್ಟ ಡ್ರಮ್ಮು. ಸುಳ್ಳ ಹೇಳಿ ಕೊಟ್ಟಿದ್ನಿ."

ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಕೋಳಿಗೂಡಿಗೆ ತಿರುವೂ ಹಿಡಿಕಿ ಯಾಕ ಬೇಕೋ ಹುಚ್ಚಪ್ಪಾ? ಕೋಳಿ ಏನ್ ಜೋಕಾಲಿ ಆಡ್ತಾವೇನು? ಆವತ್ತ ಗೊತ್ತಿತ್ತ ನನಗ. ಎಲ್ಲಿ ಹೆಬ್ಬಟ್ಟ ಒತ್ತಲಿ, ಹೇಳು." ಒತ್ತಿದ ಮೇಲೆ ಬೆರಳಿನ ಮಸಿ ಸೆರಗಿಗೆ ಒರೆಸುತ್ತ ದನಿ ಇಳಿಸಿದಳು. "ತಿಪ್ಪಿಗುಂಡ್ಯಾಗಿಂದೂ ತಗಿಸ್ತೀಯೇನು? ಮೂರ ವರ್ಷಾತು, ಗೊಬ್ಬರ ತಗಿಯೂಮುಂದ ಆ ಮೂಲಿ ಒಂದ ಬಿಡ್ತೀಯಲ್ಲಾ."

ಗುಡದಪ್ಪ ಕಾಗದ ಮಡಚಿಕೊಂಡು ಮನೆಗೆ ಬಂದ. ಹೇಳಿದರೆ ಗೌಡರು ಏನು ಮಾಡಿಯಾರು? ಊರು ಏನಂದೀತು? ಇನ್ನು ಮೇಲೆ ಬೀಜ ತರುವವರಾರು? ಹೇಳದಿದ್ದರೆ ಡ್ರಮ್ಮು ಹೋಗುತ್ತದೆ. ಬೆಸೆಯುವಾಗ ಎರಡು ಸಲ ಕೈ ಸುಟ್ಟುಕೊಂಡ. ರಸ್ತೆಯಲ್ಲಿ ಮಹಾದೇವಕ್ಕ ಎದುರು ಬಂದರೆ ಅಡ್ಡದಾರಿ ಹಿಡಿಯುತ್ತಿದ್ದ. ಅವಳು ಒಮ್ಮೆ, "ಯಾಕೋ ಗುಡದಪ್ಪ, ಸೊರಗೀಯಲ್ಲಾ, ಆರಾಮಿಲ್ಲೇನು?" ಎಂದು ಕೇಳಿದಳು. ಅದನ್ನು ಕೇಳಿಸಿಕೊಳ್ಳುವುದಕ್ಕಿಂತ ಎರಡು ಏಟು ತಿನ್ನುವುದು ಮೇಲಿತ್ತು.

ಹನಮವ್ವನಿಗೆ ಕೊನೆಗೆ ಎಲ್ಲ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ ಅಂದಳು: "ಡ್ರಮ್ಮ ಹೋದ್ರ ಹೋಗ್ಲಿ, ಇದ್ರ ಇರ್ಲಿ. ಆ ಅಕ್ಕಾರ ಮೂರ ವರ್ಷ ಮಾಡಲಾರದ ತಪ್ಪ ಹೊತ್ತಾರ. ನನ್ನ ಕೈ ಸುಲಿದ್ರ ನಿಮಗ ಕಣ್ಣಿಗೆ ಕಾಣಿಸ್ತು. ಅವ್ರದು ಕಾಣಿಸ್ಲಿಲ್ಲೇನು?"

ಮರುದಿನ ಬೆಳಿಗ್ಗೆ ಗುಡದಪ್ಪ ಗೌಡರ ಕಟ್ಟೆಯ ಕೆಳಗೆ ನಿಂತ. ಮಡಿವಾಳೆಪ್ಪ ಗೌಡರು ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಹೊರಗೆ ಬಂದಿದ್ದರು. "ಬಾರಪಾ, ಮ್ಯಾಲ ಬಾ" ಎಂದರು. ಇವನು ಮೇಲೆ ಹತ್ತಲಿಲ್ಲ. ನಿಂತಲ್ಲೇ, ಒಂದೇ ಉಸಿರಿಗೆ, ವಕೀಲರು ಕೇಳಿದ ಸಹಿಯ ಮಾತೂ ಸೇರಿ, ಎಲ್ಲ ಹೇಳಿ ಮುಗಿಸಿದ. "ಬೀಜ ಛಲೋ ಇತ್ರಿ ಗೌಡ್ರ. ಅಕ್ಕಾರದು ಏನೂ ತಪ್ಪಿದ್ದಿಲ್ಲ. ಕೆಡಿಸಿದಾವ ನಾನು."

ಗೌಡರು ಚಪ್ಪಲಿ ಮೆಟ್ಟಿದರು. "ನಡಿ, ತೋರ್ಸು."

ತಿಪ್ಪೆ ಅಗೆದರು. ತುಕ್ಕು ಹಿಡಿದ ಡ್ರಮ್ಮು ಮೇಲೆ ಬಂತು, ತಿಕ್ಕಿ ತೊಳೆದದ್ದಾಯಿತು. ಗೌಡರು ಮನೆಯಿಂದ ಒಂದು ಸೇರು ಬೀಜ ತರಿಸಿ, ತಾವೇ ಹಿಡಿಕೆ ಹಿಡಿದು ತಿರುವಿದರು. ತೊಳೆದು ಅಂಗೈ ಮೇಲೆ ಹರಡಿಕೊಂಡರು. ಸಿಪ್ಪೆಯ ಮೇಲೆ ಕೂದಲೆಳೆಯಂಥ ಬಿರುಕು. ಅವರ ಮುಖ ಕಪ್ಪಿಟ್ಟಿತು. "ಮೂರ ವರ್ಷ, ಲೇ! ಮೂರ ವರ್ಷ ನನ್ನ ಕಟ್ಟಿ ಮ್ಯಾಲ ಕುಂತ ಚಹಾ ಕುಡದ ಹ್ವಾದಿ. ನಾ ಆಕಿಗೆ ಏನೇನ್ ಅಂದೀನಿ ಗೊತ್ತೈತೇನ ನಿನಗ?" ಬೀಜವನ್ನು ನೆಲಕ್ಕೆ ಚೆಲ್ಲಿದರು. "ವಕೀಲನ ಕಾಗದಕ್ಕ ಸಹಿ ಹಾಕ್ತೀನಿ, ಖರೆ ಅದು. ಆದ್ರ ಇನ್ನ ಮ್ಯಾಲ ನನ್ನ ಅಂಗಳ ತುಳೀಬ್ಯಾಡ."

ಸಹಿ ಬಂತು. ಆದರೆ ಗೌಡರು ಹೆಂಡತಿಯ ಹತ್ತಿರ ಹೋಗಿ ತಪ್ಪಾಯಿತು ಎನ್ನಲಿಲ್ಲ. ದೊಡ್ಡವರೆನಿಸಿಕೊಂಡವರಿಗೆ ಆ ಮಾತು ಗಂಟಲು ದಾಟುವುದಿಲ್ಲ ನೋಡಿ. ಕೀಲಿಕೈ ಕಸ್ತೂರೆವ್ವನ ಸೊಂಟದಲ್ಲೇ ಉಳಿಯಿತು. ಊರಿನಲ್ಲಿ ಅರ್ಧ ಮಂದಿ ಗುಡದಪ್ಪ ಪೇಟೆಂಟಿನ ಆಸೆಗೆ ಕಥೆ ಕಟ್ಟಿದ್ದಾನೆ, ಗೌಡರು ಪಾಪ ಸಹಾಯಕ್ಕೆ ಸಹಿ ಹಾಕಿದ್ದಾರೆ ಎಂದರು. ಮಹಾದೇವಕ್ಕನ ಮೇಲಿನ ಮಾತು ಅಳಿಯಲಿಲ್ಲ. ಮುಂದಿನ ಹಂಗಾಮಿಗೆ ಶೆಡ್ಡಿಗೆ ಬೀಜ ತಂದವರು ನಾಲ್ಕೇ ಮನೆಯವರು.

ವಿಚಾರಣೆಗೆ ಕರೆ ಬಂದದ್ದು ೧೯೮೭ರ ಫೆಬ್ರುವರಿಯಲ್ಲಿ. ಎರಡು ರೈಲು ಬದಲಿಸಿ ಮದ್ರಾಸು ಮುಟ್ಟುವ ತನಕ ಗುಡದಪ್ಪ ಕೈಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಅದರಲ್ಲಿ ಕೋಳಿಗೂಡಿನ ಫೋಟೋ, ಬಚ್ಚಲಿನ ಬಾಗಿಲಿನ ಫೋಟೋ, ಪೀಪಾಯಿಯ ಫೋಟೋ, ತಿಪ್ಪೆಯ ಅಂಚಿನಲ್ಲಿ ನಿಂತ ತುಕ್ಕು ಡ್ರಮ್ಮಿನ ಫೋಟೋ. ವಕೀಲರು ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದರು: "ಆ ಕನ್ನಡಕದಾವ ಬರಕೊಂಡ ಮಾತ ಕೇಳಿದ್ರ, ನೆನಪಿಲ್ರಿ ಅನ್ನು. ಅಷ್ಟ ಸಾಕು."

ದೊಡ್ಡ ಮೇಜಿನ ಹಿಂದೆ ಒಬ್ಬ ವಯಸ್ಸಾದ ಅಧಿಕಾರಿ, ಪಕ್ಕದಲ್ಲಿ ಮಾತು ತಿಳಿಸಲು ಬೆಂಗಳೂರಿನ ಒಬ್ಬ ಗುಮಾಸ್ತ. ಕಂಪನಿಯ ವಕೀಲ ಇಂಗ್ಲಿಷಿನಲ್ಲಿ ಅರ್ಧ ಗಂಟೆ ಮಾತಾಡಿದ. ಗುಮಾಸ್ತ ಅದನ್ನು ಮೆಲ್ಲಗೆ ತಿಳಿಸಿದ: ತೊಟ್ಟಿಲು ಎಲ್ಲರ ಮನೆಯಲ್ಲಿದೆ, ಹಳೇ ಟ್ಯೂಬು ಎಲ್ಲ ಗ್ಯಾರೇಜಿನಲ್ಲಿದೆ, ಡ್ರಮ್ಮು ಎಲ್ಲ ಕಡೆ ಇದೆ, ಮೂರನ್ನು ಕೂಡಿಸಲು ಯಾವ ಜಾಣತನ ಬೇಕು ಅಂತ. ಕೇಳುತ್ತ ಕೂತ ಗುಡದಪ್ಪನಿಗೂ ಹೌದಲ್ಲ ಎನ್ನಿಸಿ ಇನ್ನಷ್ಟು ಹೆದರಿಕೆಯಾಯಿತು. ಅಷ್ಟರಲ್ಲಿ ಅಧಿಕಾರಿ ಅವನತ್ತ ತಿರುಗಿದರು.

"ಯಾರಾದರೂ ಮಾಡ್ತಾರೆ ಅಂತ ನೀವೇ ಹೇಳಿದ್ರಾ ಅಂತ ಕೇಳ್ತಿದಾರೆ" ಎಂದ ಗುಮಾಸ್ತ.

ಶಂಕ್ರಪ್ಪ ವಕೀಲರು ಮೇಜಿನ ಕೆಳಗೆ ಅವನ ಕಾಲು ಒತ್ತಿದರು. ಗುಡದಪ್ಪ ಒಂದು ಸುಳ್ಳನ್ನು ಮೂರು ವರ್ಷ ಸಗಣಿ ಮುಚ್ಚಿ ಸಾಕಿದ್ದ, ಇನ್ನೊಂದನ್ನು ಸಾಕುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಹೌದ್ರಿ. ನಾನ ಅಂದೀನ್ರಿ. ನಮ್ಮ ಕಡೆ ಯಾರರ ಹೊಗಳಿದ್ರ ಹಂಗ ಅಂತೇವ್ರಿ, ಅನ್ನಲಿಲ್ಲಂದ್ರ ಮಂದಿ ಸೊಕ್ಕ ಬಂತಿವಗ ಅಂತಾರ." ಮೇಜಿನ ಮೇಲಿನ ಫೋಟೋಗಳತ್ತ ಕೈ ಮಾಡಿದ. "ಮಾಡಿ ಮುಗಿದ ಮ್ಯಾಲ ಎಲ್ಲಾರಿಗೂ ಸಸಾರ ಕಾಣಸ್ತೈತ್ರಿ, ನನಗೂ ಕಾಣಸ್ತೈತಿ. ಆದ್ರ ನಾಕ ವರ್ಷ ನನ್ನ ಮನ್ಯಾಗೂ ತೊಟ್ಲಾ ಇತ್ರಿ, ಶೆಡ್ಡಿನ್ಯಾಗ ಟ್ಯೂಬೂ ಇತ್ರಿ. ಹೊಳೀಲಿಲ್ರಿ. ಸಸಾರ ಇದ್ದಿದ್ರ ಗೌಡ್ರ ಐದ ಎಕರೆ ಯಾಕ ಕೆಡಿಸ್ತಿದ್ನಿ? ಒಂದ ಮನಿ ಹೆಣಮಗಳ ಮಾನಾ ಯಾಕ ಕಳೀತಿದ್ನಿ? ಅದ ಯಾರಿಗೂ ಹೊಳದಿದ್ದಿಲ್ರಿ. ನಾ ಮಾಡೇನ್ರಿ ಅದನ್ನ."

ನಲವತ್ತೇಳು ವರ್ಷದಲ್ಲಿ 'ನಾ ಮಾಡೇನಿ' ಎಂದು ನಾಲ್ಕು ಜನರೆದುರು ಅವನು ಹೇಳಿದ್ದು ಇದೇ ಮೊದಲು. ಗುಮಾಸ್ತ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಎಷ್ಟು ಹೇಳಿದನೋ ಎಷ್ಟು ಬಿಟ್ಟನೋ. ಅಧಿಕಾರಿ ತುಕ್ಕು ಡ್ರಮ್ಮಿನ ಫೋಟೋವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

ಆಮೇಲೆ ಕಾಯುವುದು. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಪೋಸ್ಟ್‌ಮನ್ನಿನ ಸೈಕಲ್ಲಿನ ಗಂಟೆ ಕೇಳಿದರೆ ಗುಡದಪ್ಪ ಬೆಂಕಿ ಆರಿಸಿ ನಿಲ್ಲುತ್ತಿದ್ದ, ಸೈಕಲ್ಲು ಮುಂದೆ ಹೋದರೆ ಮತ್ತೆ ಹೊತ್ತಿಸುತ್ತಿದ್ದ. "ಬಂದಾಗ ಬರ್ತೈತಿ, ಗ್ಯಾಸ ಯಾಕ ಸುಡ್ತೀರಿ" ಎಂದು ಹನಮವ್ವ ಬೈಯುತ್ತಿದ್ದಳು. ಬೈದು ತಾನೂ ಬಾಗಿಲಿಗೆ ಬಂದು ರಸ್ತೆ ನೋಡುತ್ತಿದ್ದಳು.

ಮೇ ಕೊನೆಯ ವಾರ ಶಂಕ್ರಪ್ಪ ವಕೀಲರೇ ಬಸ್ಸಿಳಿದು ಬಂದರು, ಲಕೋಟೆ ಅವರ ವಿಳಾಸಕ್ಕೆ ಬಂದಿತ್ತು. ದೂರದಿಂದಲೇ ಕೈಯೆತ್ತಿ, "ಆತೋ ಗುಡದಪ್ಪಾ, ತಕರಾರ ವಜಾ!" ಎಂದು ಕೂಗಿದರು. ಶೆಡ್ಡಿನ ಮುಂದೆ ಮಂದಿ ಕೂಡಿತು. ವಕೀಲರು ಓದುತ್ತ ಕನ್ನಡದಲ್ಲಿ ಹೇಳುತ್ತಿದ್ದರು. ಕೋಳಿಗೂಡು ಬಂದಾಗ ಖೈರುನಬಿ, "ನನ್ನ ಕೋಳಿ ಸರ್ಕಾರದ ತನಾ ಹ್ವಾದೂ" ಎಂದು ಎಲ್ಲರನ್ನೂ ನಗಿಸಿದಳು. ಆಗ ಗುಂಪಿನ ಹಿಂದಿನಿಂದ ಒಂದು ದನಿ ಬಂತು.

"ವಕೀಲ್ರ, ಅದ್ರಾಗ ನನ್ನ ಬೀಜದ ಮಾತ ಐತೇನ್ರಿ?"

ಮಹಾದೇವಕ್ಕ. ತಲೆಯ ಮೇಲೆ ಸೆರಗು ಹೊದ್ದು ಒಬ್ಬಳೇ ಬಂದಿದ್ದಳು. ನಗು ನಿಂತಿತು, ಮಂದಿ ದಾರಿ ಬಿಟ್ಟರು. ವಕೀಲರು ಎರಡು ಹಾಳೆ ತಿರುವಿ ಬೆರಳಿಟ್ಟರು. "ಐತ್ರಿ ತಾಯಿ. ಇಲ್ಲೈತಿ. ಬೀಜ ಗೌಡರ ಮನಿಯಿಂದ ಬರೂಮುಂದ ಉತ್ತಮ ಸ್ಥಿತಿಯೊಳಗಿತ್ತು, ನಾಲ್ಕನೇ ಡ್ರಮ್ಮಿನ ಪೆಟ್ಟಿಗೆ ಅದರ ಸಿಪ್ಪಿ ಒಡೀತು ಅನ್ನೂದು ಸಾಕ್ಷಿಯಿಂದ ಸಿದ್ಧ ಆಗೈತಿ. ಹಂಗ ಬರದಾರ."

"ಇನ್ನೊಮ್ಮಿ ಓದ್ರಿ."

ವಕೀಲರು ಇನ್ನೊಮ್ಮೆ ಓದಿದರು, ಈ ಸಲ ಗಟ್ಟಿಯಾಗಿ. ಮಹಾದೇವಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. ಗುಡದಪ್ಪನ ಕಡೆ ನೋಡದೆ ಬಂದ ದಾರಿಯಲ್ಲೇ ತಿರುಗಿ ಹೋದಳು. ಡ್ರಮ್ಮು ಗೆದ್ದ ಸಂತೋಷವೆಲ್ಲ ಗುಡದಪ್ಪನ ಎದೆಯಲ್ಲಿ ಕಲ್ಲಾಗಿ ಕೂತಿತು. ಕ್ಷಮೆ ಕೇಳುವ ಬಾಯಿ ಅವಳೆದುರು ಬರಲೇ ಇಲ್ಲ.

ಎಂಟು ದಿನಕ್ಕೆ ಮಿರಗದ ಮೋಡ ಕಟ್ಟಿತು. ಬೆಳಿಗ್ಗೆ ಶೆಡ್ಡು ತೆರೆಯುವ ಹೊತ್ತಿಗೆ ಗೌಡರ ಮನೆಯ ಚಕ್ಕಡಿ ಬಂದು ನಿಂತಿತು. ಚಕ್ಕಡಿಯಲ್ಲಿ ನಾಲ್ಕು ಚೀಲ ಬೀಜ, ಅದರ ಪಕ್ಕದಲ್ಲಿ ಮಹಾದೇವಕ್ಕ. ಕೆಳಗಿಳಿದಾಗ ಅವಳ ಸೊಂಟದಲ್ಲಿ ಕೀಲಿಕೈ ಸದ್ದು ಮಾಡಿತು. ವಕೀಲರು ಓದಿದ ಮಾತು ಆ ಸಂಜೆಯೇ ಗೌಡರ ಕಟ್ಟೆ ಮುಟ್ಟಿತ್ತಂತೆ. ಅವರು ಏನೂ ಹೇಳದೆ ಒಳಗೆ ಹೋಗಿ, ಕಸ್ತೂರೆವ್ವನ ಹತ್ತಿರ ಕೀಲಿ ಕೇಳಿ ಇಸಿದುಕೊಂಡು ದೇವರ ಜಗಲಿಯ ಮೇಲೆ ಹೆಂಡತಿಯ ಕೈಗೆ ಸಿಗುವ ಹಾಗೆ ಇಟ್ಟಿದ್ದರಂತೆ. ಅವರಿಗೆ ಅಷ್ಟೇ ಸಾಧ್ಯವಾದದ್ದು.

"ಹಾಕು" ಎಂದಳು ಮಹಾದೇವಕ್ಕ, ಚೀಲದ ಬಾಯಿ ಬಿಚ್ಚುತ್ತ.

ಗುಡದಪ್ಪ ಇಪ್ಪತ್ತು ಸುತ್ತು ತಿರುವಿದ. ಒಂದು ಹಿಡಿ ತೆಗೆದು ಬಕೆಟ್ಟಿನ ನೀರಿನಲ್ಲಿ ತೊಳೆದು ಅವಳ ಅಂಗೈಗೆ ಸುರಿದ. ಅವಳು ಒಂದೊಂದೇ ಕಾಳನ್ನು ಬೆರಳಿನಿಂದ ಹೊರಳಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಎಲ್ಲ ಕೆಂಪಗೆ, ಇಡಿಯಾಗಿದ್ದವು.

"ನನ್ನ ಬೀಜ ಆವತ್ತೂ ಛಲೋ ಇತ್ತು" ಎಂದಳು.

"ಹೌದ್ರಿ ಅಕ್ಕಾರ. ಛಲೋ ಇತ್ರಿ. ತಪ್ಪ ನಂದ್ರಿ."

ಅವಳು ಕಾಳುಗಳನ್ನು ಮತ್ತೆ ಚೀಲಕ್ಕೆ ಹಾಕಲಿಲ್ಲ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು. ಡ್ರಮ್ಮಿನೊಳಗೆ ಇಣುಕಿ, ರಬ್ಬರಿನ ಮಡಿಲನ್ನು ಒಮ್ಮೆ ಮುಟ್ಟಿ ನೋಡಿದಳು. "ಭಾರೀ ಮಾಡೀಯಪಾ" ಎಂದಳು.

ಗುಡದಪ್ಪನ ತುಟಿಯ ತನಕ ಹಳೇ ಮಾತು ಬಂತು. ಬಾಗಿಲಲ್ಲಿ ನಿಂತಿದ್ದ ಹನಮವ್ವ ಅವನನ್ನೇ ನೋಡುತ್ತಿದ್ದಳು.

"ಹೌದ್ರಿ ಅಕ್ಕಾರ" ಎಂದ ಗುಡದಪ್ಪ. "ಭಾಳ ತ್ರಾಸಾತ್ರಿ ಮಾಡಾಕ."

ಮತ್ತೆ ಹಿಡಿಕೆಗೆ ಕೈ ಹಾಕಿದ. ಇನ್ನೂ ಮೂರು ಚೀಲ ಉಳಿದಿದ್ದವು, ಮೋಡ ದಟ್ಟವಾಗುತ್ತಿತ್ತು.